ರಾತ್ರಿಯೂಟ ತಿಂದುಹಾಕಿದ ‘ಅಪ್’: ಫ್ರೇಸಲ್ ವರ್ಬ್ ಅಂದರೇನು?

ಮಡಿಕೇರಿಯಿಂದ ಸ್ವಲ್ಪ ದೂರ, ನಮ್ಮ ತೋಟದ ಪಕ್ಕದಲ್ಲೇ ಒಬ್ಬ ಅಕ್ಕ ಹೋಂಸ್ಟೇ ನಡೆಸುತ್ತಾರೆ. ಹೋದ ಮಳೆಗಾಲದಲ್ಲಿ ಒಂದು ಶುಕ್ರವಾರ ಸಂಜೆ ಅವರ ಮೊಬೈಲಿಗೆ ಅತಿಥಿಗಳ ಮೆಸೇಜ್ ಬಂತು. ‘ವಿ ಆರ್ ಹೆಲ್ಡ್ ಅಪ್ ನಿಯರ್ ಕುಶಾಲನಗರ. ದ ಕಾರ್ ಬ್ರೋಕ್ ಡೌನ್. ಪ್ಲೀಸ್ ಡೋಂಟ್ ವೇಟ್ ಅಪ್.’ ಅಷ್ಟೇ ಇತ್ತು.

ಅಕ್ಕ ಓದಿದರು. ಕಾರು ಮುರಿದು ಬಿದ್ದಿದೆ, ಕಾಯಬೇಡಿ ಅಂತಿದ್ದಾರೆ. ಅಂದಮೇಲೆ ಬರುವುದಿಲ್ಲ ಅಲ್ವಾ? ಮಾಡಿಟ್ಟಿದ್ದ ಪಂದಿ ಕರಿ, ಕಡಂಬುಟ್ಟು ಎಲ್ಲ ತೋಟದ ಕೆಲಸದವರ ಲೈನ್ ಮನೆಗೆ ಹೋಯಿತು. ಗೇಟಿಗೆ ಬೀಗ ಬಿತ್ತು. ರಾತ್ರಿ ಹನ್ನೊಂದೂವರೆಗೆ ಆ ಮಳೆಯಲ್ಲಿ ಗೇಟಿನ ಮುಂದೆ ಒಂದೇ ಸಮನೆ ಹಾರ್ನ್. ಆರು ಜನ, ಎಲ್ಲರೂ ಹಸಿದವರು. ಅಕ್ಕ ಮತ್ತೆ ಒಲೆ ಹಚ್ಚಿ ಅಕ್ಕಿ ರೊಟ್ಟಿ ತಟ್ಟಿದರು.

ಮರುದಿನ ಬೆಳಿಗ್ಗೆ ಫೋನು ಹಿಡಿದುಕೊಂಡು ನಮ್ಮ ಮನೆಗೇ ಬಂದರು. “ನೀನೇ ಓದು ಮಾರಾಯ. ಬರ್ತೀವಿ ಅಂತ ಇದ್ರಲ್ಲಿ ಎಲ್ಲಿದೆ?”

ಇತ್ತು. ‘ಅಪ್’ ಎಂಬ ಎರಡು ಅಕ್ಷರದಲ್ಲಿ ಇತ್ತು. ‘ವೇಟ್’ ಅಂದರೆ ಕಾಯುವುದು. ‘ವೇಟ್ ಅಪ್’ ಅಂದರೆ ನಿದ್ದೆ ಮಾಡದೆ ಎದ್ದುಕೊಂಡು ಕಾಯುವುದು. “ನಾವು ಬರುವುದು ತಡ ಆಗುತ್ತದೆ, ನಮಗೋಸ್ಕರ ನಿದ್ದೆಗೆಡಬೇಡಿ, ಮಲಗಿಕೊಳ್ಳಿ” ಅಂತ ಪಾಪ ಅವರು ಮರ್ಯಾದೆಯಿಂದಲೇ ಹೇಳಿದ್ದರು. ‘ಹೆಲ್ಡ್ ಅಪ್’ ಅಂದರೆ ಸಿಕ್ಕಿಹಾಕಿಕೊಂಡಿದ್ದೇವೆ, ತಡವಾಗಿದೆ. ‘ಬ್ರೋಕ್ ಡೌನ್’ ಅಂದರೆ ಕಾರು ಕೆಟ್ಟು ನಿಂತಿತು. ಮೂರು ವಾಕ್ಯ, ಮೂರರಲ್ಲೂ ಒಂದೊಂದು ಫ್ರೇಸಲ್ ವರ್ಬ್. ಅಕ್ಕನಿಗೆ ಇಂಗ್ಲಿಷ್ ಬಾರದು ಅಂತಲ್ಲ. ಹೋಲ್ಡ್, ಬ್ರೇಕ್, ವೇಟ್ ಮೂರೂ ಗೊತ್ತು. ಅಪ್, ಡೌನ್ ಎರಡೂ ಗೊತ್ತು. ಬಿಡಿಬಿಡಿಯಾಗಿ ಗೊತ್ತಿದ್ದದ್ದು ಜೋಡಿಯಾದಾಗ ಬೇರೆಯೇ ಆಗಿಬಿಟ್ಟಿತ್ತು.

ಫ್ರೇಸಲ್ ವರ್ಬ್ ಅಂದರೆ ಇದೇ. ಒಂದು ಸಾಮಾನ್ಯ ಕ್ರಿಯಾಪದ, ಅದರ ಹಿಂದೆ ಅಪ್, ಡೌನ್, ಆಫ್, ಔಟ್, ಆನ್, ಓವರ್, ಅವೇ ಥರದ ಒಂದು ಪುಟ್ಟ ಪದ. ಎರಡೂ ಸೇರಿದರೆ ಒಂದು ಹೊಸ ಅರ್ಥ. ಕೆಲವು ಸಲ ಇಂಥ ಪುಟ್ಟ ಪದ ಎರಡಿರುತ್ತವೆ. ‘ರನ್ ಔಟ್ ಆಫ್’ ಅಂದರೆ ಖಾಲಿಯಾಗುವುದು, ‘ಪುಟ್ ಅಪ್ ವಿತ್’ ಅಂದರೆ ಸಹಿಸಿಕೊಳ್ಳುವುದು.

ಇಂಗ್ಲಿಷಿನಲ್ಲಿ ಇದೊಂದು ವಿಚಿತ್ರ, ನಮ್ಮಲ್ಲಿ ಇಂಥದ್ದಿಲ್ಲ ಅಂತ ಪಾಠ ಹೇಳುವವರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ನಾವು ದಿನಾ ಬೆಳಿಗ್ಗೆಯಿಂದ ರಾತ್ರಿವರೆಗೆ ಮಾಡುವುದೇ ಇದು.

‘ಹುಡುಗ ಓಡಿದ’ ಅನ್ನಿ. ಯಾರೂ ತಲೆ ಎತ್ತುವುದಿಲ್ಲ, ಸ್ಪೋರ್ಟ್ಸ್ ಡೇ ಇರಬೇಕು ಅಂದುಕೊಳ್ಳುತ್ತಾರೆ. ‘ಹುಡುಗ ಓಡಿಹೋದ’ ಅನ್ನಿ. ಅಂಗಡಿ ಕಟ್ಟೆಯಲ್ಲಿ ಕೂತವರೆಲ್ಲ ಪೇಪರ್ ಮಡಚಿಟ್ಟು “ಯಾರ ಜೊತೆ?” ಅಂತ ಕೇಳುತ್ತಾರೆ. ‘ಹೋಗು’ ಎಂಬ ಬಾಲ ಸೇರಿದ್ದೇ ಇಷ್ಟಕ್ಕೆಲ್ಲ ಕಾರಣ. ಇಂಗ್ಲಿಷಿನಲ್ಲಿ ‘ರನ್’ ಹೋಗಿ ‘ರನ್ ಅವೇ’ ಆಗುವುದು ಹೀಗೇ.

‘ನೋಡು’ ಬೇರೆ, ‘ನೋಡಿಕೋ’ ಬೇರೆ. ‘ಮಗುನ ನೋಡು’ ಅಂದರೆ ಕಣ್ಣು ಹಾಯಿಸಿದರೆ ಸಾಕು. ‘ಮಗುನ ನೋಡ್ಕೋ’ ಅಂದರೆ ಊಟ ಮಾಡಿಸಬೇಕು, ಮಲಗಿಸಬೇಕು, ಸಂಜೆಯವರೆಗೆ ಎಲ್ಲೂ ಹೋಗುವ ಹಾಗಿಲ್ಲ. ಇಂಗ್ಲಿಷಿನಲ್ಲಿ ಒಂದು ‘ಲುಕ್ ಅಟ್’, ಇನ್ನೊಂದು ‘ಲುಕ್ ಆಫ್ಟರ್’. ‘ತಿನ್ನು’ ಮತ್ತು ‘ತಿಂದುಹಾಕು’ ನೋಡಿ. ನಾಯಿ ರೊಟ್ಟಿ ತಿಂದರೆ ಒಂದಿಷ್ಟು ಉಳಿದಿರಬಹುದು. ತಿಂದುಹಾಕಿದರೆ ತಟ್ಟೆ ಖಾಲಿ. ಅದು ‘ಈಟ್ ಅಪ್’. ಕಾರು ‘ಕೈಕೊಟ್ಟಿತು’ ಅಂತ ನಾವು ಹೇಳಿದರೆ, ಕಾರಿಗೆಲ್ಲಿ ಕೈ ಬಂತು ಅಂತ ಯಾರೂ ಕೇಳುವುದಿಲ್ಲ. ಹಾಗಿರುವಾಗ ‘ಬ್ರೇಕ್ ಡೌನ್’ನಲ್ಲಿ ಕೆಳಗೆ ಬಿದ್ದದ್ದು ಏನು ಅಂತ ನಾವ್ಯಾಕೆ ಹುಡುಕಬೇಕು?

ವ್ಯತ್ಯಾಸ ಇರುವುದು ಬಾಲದಲ್ಲಿ. ನಾವು ಕ್ರಿಯಾಪದದ ಹಿಂದೆ ಇನ್ನೊಂದು ಕ್ರಿಯಾಪದವನ್ನೇ ಕಟ್ಟುತ್ತೇವೆ: ಬಿಡು, ಹೋಗು, ಹಾಕು, ಕೊಳ್ಳು, ಕೊಡು. ಇಂಗ್ಲಿಷಿನವರು ದಿಕ್ಕು ತೋರಿಸುವ ಪದ ಕಟ್ಟುತ್ತಾರೆ: ಮೇಲೆ, ಕೆಳಗೆ, ಹೊರಗೆ, ಆಚೆ. ಆ ದಿಕ್ಕಿನ ಅರ್ಥ ಎಷ್ಟೋ ಕಡೆ ಸವೆದುಹೋಗಿದೆ. ನಮ್ಮ ‘ಮಾಡಿಬಿಡು’ ಅನ್ನುವುದರಲ್ಲಿ ಏನನ್ನೂ ಬಿಡುವುದಿಲ್ಲ ನೋಡಿ, ಹಾಗೆ.

ಒಂದು ಮರ ತೆಗೆದುಕೊಳ್ಳೋಣ. ತೋಟದಲ್ಲಿ ಮರ ಕಪಾತು ಮಾಡುವುದನ್ನು, ಅಂದರೆ ಕೊಂಬೆ ಸವರುವುದನ್ನು, ನೋಡಿದವರಿಗೆ ‘ಕಟ್’ ಎಂಬ ಒಂದೇ ಪದ ಎಷ್ಟು ವೇಷ ಹಾಕುತ್ತದೆ ಅಂತ ತೋರಿಸುವುದು ಸುಲಭ.

ಮಳೆ ಹಿಡಿಯುವ ಮೊದಲು ಆಳು ಸಿಲ್ವರ್ ಓಕ್ ಹತ್ತಿ ಒಂದು ಕೊಂಬೆಯನ್ನು ಕಡಿದು ಬೀಳಿಸುತ್ತಾನೆ. ಅದು ‘ಕಟ್ ಆಫ್’. ಕೊಂಬೆ ಮರದಿಂದ ಬೇರೆಯಾಯಿತು. ‘ಆಫ್’ ಬಂದ ಎಷ್ಟೋ ಕಡೆ ಈ ಬೇರೆಯಾಗುವ ವಾಸನೆ ಇರುತ್ತದೆ. ಶರ್ಟ್ ಬಿಚ್ಚಿದರೆ ‘ಟೇಕ್ ಆಫ್’, ವಿಮಾನ ನೆಲ ಬಿಟ್ಟರೂ ‘ಟೇಕ್ ಆಫ್’. ಬಸ್ ಸ್ಟ್ಯಾಂಡಿನವರೆಗೆ ಹೋಗಿ ಮಗಳನ್ನು ಕಳಿಸಿಕೊಟ್ಟರೆ ‘ಸೀ ಆಫ್’. ಭಾಗಮಂಡಲದ ಕಡೆ ಹೊಳೆ ತುಂಬಿ ರಸ್ತೆ ಮೇಲೆ ನೀರು ಬಂದು ಊರುಗಳಿಗೆ ಸಂಪರ್ಕ ತಪ್ಪಿದರೆ ಅದೂ ‘ಕಟ್ ಆಫ್’. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಕೊಡಗಿನ ಬಗ್ಗೆ ಬಂದ ಇಂಗ್ಲಿಷ್ ಸುದ್ದಿಗಳಲ್ಲಿ ಈ ಎರಡು ಪದ ಮತ್ತೆ ಮತ್ತೆ ಬರುತ್ತಿತ್ತು.

ಇನ್ನು ಇಡೀ ಮರವನ್ನೇ ಬುಡದಿಂದ ಕಡಿದರೆ ‘ಕಟ್ ಡೌನ್’. ನಿಂತದ್ದು ಮಲಗಿತು. ಅದೇ ‘ಡೌನ್’ ಮುಂದೆ ಹೋಗಿ ಕಡಿಮೆಯಾಗುವುದಕ್ಕೂ ನಿಂತುಹೋಗುವುದಕ್ಕೂ ಬಂತು. ಡಾಕ್ಟರ್ ಸಕ್ಕರೆ ಕಡಿಮೆ ಮಾಡಿ ಅಂದರೆ ‘ಕಟ್ ಡೌನ್ ಆನ್ ಶುಗರ್’. ಘಾಟಿ ತಿರುವಿನಲ್ಲಿ ಗಾಡಿ ನಿಧಾನ ಮಾಡಿದರೆ ‘ಸ್ಲೋ ಡೌನ್’. ಕಾರ್ಖಾನೆ ಮುಚ್ಚಿದರೆ ‘ಶಟ್ ಡೌನ್’.

ಮಲಗಿದ ಮರವನ್ನು ಸೌದೆಗೆ ತುಂಡು ತುಂಡು ಮಾಡಿದರೆ ‘ಕಟ್ ಅಪ್’. ಇಲ್ಲಿ ನಗು ಬರುವುದು ಸಹಜ. ಮೊದಲು ಮರವನ್ನು ‘ಡೌನ್’ ಕಡಿಯುತ್ತಾರೆ, ಆಮೇಲೆ ಅದೇ ಮರವನ್ನು ‘ಅಪ್’ ಕಡಿಯುತ್ತಾರೆ! ಆದರೆ ಈ ‘ಅಪ್’ಗೂ ಮೇಲಕ್ಕೂ ಸಂಬಂಧವೇ ಇಲ್ಲ. ಇದು ‘ಪೂರ್ತಿ’, ‘ಒಂದೂ ಬಿಡದೆ’ ಎನ್ನುವ ‘ಅಪ್’. ಫ್ರೇಸಲ್ ವರ್ಬ್ ಕಲಿಯುವವರು ಒಂದೇ ಒಂದು ಗುಟ್ಟು ತಿಳಿದುಕೊಳ್ಳುವುದಾದರೆ ಇದನ್ನು ತಿಳಿದುಕೊಳ್ಳಲಿ ಅಂತ ನನಗನ್ನಿಸುತ್ತದೆ. ‘ಡ್ರಿಂಕ್ ಅಪ್’ ಅಂದರೆ ಲೋಟ ಖಾಲಿ ಮಾಡು. ‘ಯೂಸ್ ಅಪ್’ ಅಂದರೆ ಬಳಸಿ ಮುಗಿಸು. ‘ಕ್ಲೀನ್ ಅಪ್’, ‘ಲಾಕ್ ಅಪ್’, ‘ಫಿನಿಶ್ ಅಪ್’ ಎಲ್ಲದರಲ್ಲೂ ಈ ಪೂರ್ತಿಯಾಗುವ ‘ಅಪ್’ ಇದೆ. ಬೇಸಿಗೆಯಲ್ಲಿ ತೋಡು ಬತ್ತಿಹೋದರೆ ‘ಡ್ರೈಡ್ ಅಪ್’. ನಮ್ಮ ‘ಹೋಗು’ ಮಾಡುವ ಕೆಲಸವನ್ನು ಅಲ್ಲಿ ‘ಅಪ್’ ಮಾಡುತ್ತಿದೆ.

ಕಾಫಿ ಗಿಡವನ್ನೇ ಕತ್ತರಿಸಿ ಗಾತ್ರ ಇಳಿಸಿದರೆ ‘ಕಟ್ ಬ್ಯಾಕ್’. ಮಾತಿನ ಮಧ್ಯೆ ಬಾಯಿ ಹಾಕಿದರೆ ‘ಕಟ್ ಇನ್’. ಆ ಮರ ಇಷ್ಟು ಹೊತ್ತು ಒಳ್ಳೆಯ ಕೆಲಸ ಮಾಡಿತು, ಅದನ್ನು ಇಲ್ಲಿಗೆ ಬಿಡೋಣ.

ಅರ್ಥ ಗೊತ್ತಾದ ಮೇಲೂ ಒಂದು ಕಡೆ ಎಲ್ಲರೂ ಎಡವುತ್ತಾರೆ. ಕರ್ಮಪದವನ್ನು, ಅಂದರೆ ‘ಏನನ್ನು’ ಎನ್ನುವುದಕ್ಕೆ ಉತ್ತರವಾಗುವ ಪದವನ್ನು, ಎಲ್ಲಿ ಇಡಬೇಕು? ‘ಟರ್ನ್ ಆಫ್ ದ ಲೈಟ್’ ಸರಿ. ‘ಟರ್ನ್ ದ ಲೈಟ್ ಆಫ್’ ಕೂಡ ಸರಿ. ‘ಟರ್ನ್ ಇಟ್ ಆಫ್’ ಸರಿ. ಆದರೆ ‘ಟರ್ನ್ ಆಫ್ ಇಟ್’ ತಪ್ಪು. ಇಟ್, ಹಿಮ್, ಹರ್, ದೆಮ್ ಥರದ ಸರ್ವನಾಮ ಬಂದರೆ ಅದು ನಡುವೆಯೇ ಕೂರಬೇಕು. ಯಾಕೆ? ಇಂಗ್ಲಿಷ್ ವಾಕ್ಯದಲ್ಲಿ ಹೊಸ ವಿಷಯ, ತೂಕದ ವಿಷಯ ಕೊನೆಗೆ ಹೋಗಲು ಇಷ್ಟಪಡುತ್ತದೆ. ‘ಇಟ್’ ಹೊಸದಲ್ಲ, ಆಗಲೇ ಹೇಳಿದ್ದನ್ನೇ ಸುಮ್ನೆ ಬೆರಳು ಮಾಡಿ ತೋರಿಸುತ್ತದೆ. ಹಾಗಾಗಿ ಕೊನೆಯ ಜಾಗ ಅದಕ್ಕೆ ಸಿಗುವುದಿಲ್ಲ. ಇದಕ್ಕೆ ಉಲ್ಟಾ, ‘ಕಾಫಿ ಗೋಡೌನಿನ ಹಿಂದಿನ ಬಾಗಿಲ ಹತ್ತಿರದ ಲೈಟು’ ಅಂತ ಉದ್ದಕ್ಕೆ ಹೇಳುವುದಿದ್ದರೆ ಅದನ್ನು ಟರ್ನ್ ಮತ್ತು ಆಫ್ ನಡುವೆ ತುರುಕಿದರೆ ಕೇಳುವವರಿಗೆ ಉಸಿರು ಕಟ್ಟುತ್ತದೆ. ಆಗ ‘ಟರ್ನ್ ಆಫ್’ ಅಂತ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಎಲ್ಲ ಜೋಡಿಗಳೂ ಹೀಗೆ ಬಿಚ್ಚಿಕೊಳ್ಳುವುದಿಲ್ಲ. ‘ಲುಕ್’ ಕುಟುಂಬವನ್ನೇ ನೋಡಿ. ಅತಿಥಿಗಳನ್ನು ನೋಡಿಕೊಂಡರೆ ‘ಲುಕ್ ಆಫ್ಟರ್ ದೆಮ್’. ಕಳೆದ ಕೀ ಹುಡುಕಿದರೆ ‘ಲುಕ್ ಫಾರ್ ಇಟ್’. ದೂರು ಬಂದದ್ದನ್ನು ವಿಚಾರಿಸಿದರೆ ‘ಲುಕ್ ಇಂಟು ಇಟ್’. ಮೂರೂ ಅಂಟಿಕೊಂಡೇ ಇರುತ್ತವೆ, ನಡುವೆ ಯಾರನ್ನೂ ಬಿಡುವುದಿಲ್ಲ. ಆದರೆ ಡಿಕ್ಷನರಿಯಲ್ಲಿ ಪದ ಹುಡುಕಿದರೆ ‘ಲುಕ್ ಇಟ್ ಅಪ್’. ಒಂದೇ ಮನೆಯವರು, ಸ್ವಭಾವ ಬೇರೆ. ಇದಕ್ಕೆ ಕಿವಿ ಒಂದು ಸಹಾಯ ಮಾಡುತ್ತದೆ. ಬಿಚ್ಚಿಕೊಳ್ಳುವ ಜೋಡಿಯಲ್ಲಿ ಒತ್ತು ಆ ಪುಟ್ಟ ಪದದ ಮೇಲೆ ಬೀಳುತ್ತದೆ. ‘ಟರ್ನ್ ಇಟ್ ಆಫ್’ ಅನ್ನುವಾಗ ‘ಆಫ್’ ಗಟ್ಟಿ. ‘ಲುಕ್ ಅಟ್ ಇಟ್’ ಅನ್ನುವಾಗ ‘ಲುಕ್’ ಗಟ್ಟಿ, ‘ಅಟ್’ ತೇಲಿಹೋಗುತ್ತದೆ. ಕಾಮೆಂಟರಿ, ಸುದ್ದಿ ಕೇಳುವಾಗ ಸ್ವಲ್ಪ ಗಮನ ಕೊಟ್ಟರೆ ಗೊತ್ತಾಗುತ್ತದೆ.

ಇನ್ನೊಂದು ಗುಂಡಿ ಇದೆ. ಇದಕ್ಕೆ ಬಿದ್ದವನು ನಾನೇ, ಅಕ್ಕ ಅಲ್ಲ.

ಕನ್ನಡದಲ್ಲಿ ಮೀಟಿಂಗ್ ‘ಮುಂದಕ್ಕೆ ಹಾಕಿದ್ದಾರೆ’ ಅಂದರೆ ತಡವಾಗಿ ನಡೆಯುತ್ತದೆ ಅಂತ. ಮುಂದೂಡುವುದು ಎಂಬ ಪದ ಹುಟ್ಟಿದ್ದೇ ಹಾಗೆ. ಇಂಗ್ಲಿಷಿನಲ್ಲಿ ‘ಬ್ರಿಂಗ್ ಫಾರ್ವರ್ಡ್’ ಅಂದರೆ ಮೊದಲು ಹೇಳಿದ್ದಕ್ಕಿಂತ ಬೇಗ ಇಟ್ಟುಕೊಳ್ಳುವುದು. ಸರಿಯಾಗಿ ಉಲ್ಟಾ! ತಡ ಮಾಡುವುದಕ್ಕೆ ‘ಪುಟ್ ಆಫ್’ ಅಥವಾ ‘ಪುಟ್ ಬ್ಯಾಕ್’. ರದ್ದೇ ಮಾಡಿದರೆ ‘ಕಾಲ್ ಆಫ್’. ಅಕ್ಕನಿಗೆ ಒಮ್ಮೆ ಒಂದು ಕುಟುಂಬ ‘ನಮ್ಮ ಬುಕಿಂಗನ್ನು ಎರಡು ದಿನ ಬ್ರಿಂಗ್ ಫಾರ್ವರ್ಡ್ ಮಾಡಬಹುದಾ’ ಅಂತ ಕೇಳಿತು. ಅಕ್ಕ ನನ್ನನ್ನು ಕೇಳಿದರು. ನಾನು ದೊಡ್ಡ ಮನುಷ್ಯನ ಹಾಗೆ “ಎರಡು ದಿನ ಮುಂದಕ್ಕೆ ಹಾಕಿ ಅಂತಿದ್ದಾರೆ ಅಕ್ಕ” ಅಂದೆ. ಅಕ್ಕ ಶನಿವಾರದ ಬುಕಿಂಗನ್ನು ಸೋಮವಾರಕ್ಕೆ ಬರೆದುಕೊಂಡರು. ಅವರು ಗುರುವಾರ ಬಂದಿಳಿದರು. ಪುಣ್ಯಕ್ಕೆ ಒಂದು ರೂಮು ಖಾಲಿ ಇತ್ತು. ಇವತ್ತಿಗೂ ನಾನು ಯಾವುದಾದರೂ ಅರ್ಥ ಹೇಳಿದರೆ ಅಕ್ಕ “ಗುರುವಾರಾನಾ ಸೋಮವಾರಾನಾ?” ಅಂತ ಒಂದು ಸಲ ಕೇಳಿಯೇ ಕೇಳುತ್ತಾರೆ.

ಕಾಲವನ್ನು ಯಾವ ಕಡೆಗೆ ತಳ್ಳುತ್ತೇವೆ ಎನ್ನುವುದು ಭಾಷೆಯಿಂದ ಭಾಷೆಗೆ ಬೇರೆ. ಇಲ್ಲಿ ಪದಕ್ಕೆ ಪದ ಇಟ್ಟರೆ ಅರ್ಥ ಸಿಗುವುದಿಲ್ಲ, ಸಿಕ್ಕರೂ ತಲೆಕೆಳಗಾಗಿ ಸಿಗುತ್ತದೆ.

ಇಷ್ಟೆಲ್ಲ ಗೋಜಲು ಯಾಕೆ ಬಂತು? ತುಂಬ ಹಳೆಯ ಇಂಗ್ಲಿಷಿನಲ್ಲಿ ಇಂಥ ಪುಟ್ಟ ಪದಗಳು ಜಾಸ್ತಿ ಕ್ರಿಯಾಪದದ ಮುಂದೆ ಅಂಟಿಕೊಳ್ಳುತ್ತಿದ್ದವು. ‘ಓವರ್‌ಕಮ್’, ‘ವಿತ್‌ಸ್ಟ್ಯಾಂಡ್’ ಥರದವು ಆ ಕಾಲದ ಉಳಿಕೆ. ನಿಧಾನಕ್ಕೆ ಅವು ಬಿಡಿಸಿಕೊಂಡು ಹಿಂದಕ್ಕೆ ಬಂದು ನಿಂತವು. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಅರಮನೆಗೆ, ಕೋರ್ಟಿಗೆ ಫ್ರೆಂಚ್ ಬಂತು. ಆಮೇಲಿನ ಶತಮಾನಗಳಲ್ಲಿ ಫ್ರೆಂಚ್, ಲ್ಯಾಟಿನ್ ಮೂಲದ ಪದಗಳು ರಾಶಿ ರಾಶಿ ಸೇರಿಕೊಂಡವು. ಹೀಗಾಗಿ ಒಂದೇ ಕೆಲಸಕ್ಕೆ ಎರಡು ಪದ. ಬೆಂಕಿ ಆರಿಸಲು ಕಾಗದದಲ್ಲಿ ‘ಎಕ್ಸ್‌ಟಿಂಗ್ವಿಶ್’, ಬಾಯಲ್ಲಿ ‘ಪುಟ್ ಔಟ್’. ಸಹಿಸಲು ಕಾಗದದಲ್ಲಿ ‘ಟಾಲರೇಟ್’, ಬಾಯಲ್ಲಿ ‘ಪುಟ್ ಅಪ್ ವಿತ್’. ಶಾಲೆಯಲ್ಲಿ ನಮಗೆ ಕಾಗದದ ಇಂಗ್ಲಿಷನ್ನೇ ಜಾಸ್ತಿ ಕಲಿಸಿದ್ದು. ಅದಕ್ಕೇ ಅರ್ಜಿ ಬರೆಯುವವನಿಗೆ ಹೋಂಸ್ಟೇ ಅತಿಥಿಯ ಎರಡು ಸಾಲಿನ ಮೆಸೇಜ್ ಅರ್ಥವಾಗುವುದಿಲ್ಲ. ನಮ್ಮಲ್ಲಿ ‘ವಿಳಂಬವಾಗಿದೆ’ ಅಂತ ಮಾತ್ರ ಕಲಿತು ಬಂದವನಿಗೆ ‘ಲೇಟಾಗೋಯ್ತು ಮಾರಾಯ’ ಅಂದರೆ ಹೇಗೋ ಹಾಗೆ.

ಇದು ಹೊರಗಿನವರಿಗೆ ಕಷ್ಟ ಅಂತ ಇಂಗ್ಲಿಷರಿಗೂ ಗೊತ್ತಿತ್ತು. 1755ರಲ್ಲಿ ತನ್ನ ದೊಡ್ಡ ಡಿಕ್ಷನರಿ ಹೊರತಂದ ಸ್ಯಾಮ್ಯುಯಲ್ ಜಾನ್ಸನ್, ವಿದೇಶಿಯರಿಗೆ ಎಲ್ಲಕ್ಕಿಂತ ಕಷ್ಟ ಕೊಡುವುದು ಇದೇ ಅಂತ ಮುನ್ನುಡಿಯಲ್ಲೇ ಬರೆದು, ಒಂದಷ್ಟು ಉದಾಹರಣೆಗಳನ್ನೂ ಕೊಟ್ಟ. ಅದರಲ್ಲಿ ಒಂದು ‘ಸೆಟ್ ಇನ್’. ಶುರುವಾಗಿ, ಬಿಡದೆ ಮುಂದುವರಿಯುವುದು ಅಂತ ಅರ್ಥ. ಕೊಡಗಿನ ಮಳೆಗೆ ಇದಕ್ಕಿಂತ ಒಪ್ಪುವ ಪದ ನನಗೆ ಸಿಕ್ಕಿಲ್ಲ. ಮಾರ್ಚಿನಲ್ಲಿ ಬಂದು ಕಾಫಿ ಹೂ ಅರಳಿಸಿ ಹೋಗುವ ಮಳೆಗೆ ‘ಸೆಟ್ ಇನ್’ ಅನ್ನುವುದಿಲ್ಲ. ಜೂನಿನಲ್ಲಿ ಒಂದು ದಿನ ಶುರುವಾಗಿ, ಬಟ್ಟೆ ಒಣಗುವುದನ್ನೇ ಮರೆಸುತ್ತದಲ್ಲ, ಅದು ‘ಸೆಟ್ ಇನ್’. ನಾವು ‘ಮಳೆ ಹಿಡೀತು’ ಅನ್ನುತ್ತೇವೆ. ಸ್ವಲ್ಪ ಬಿಡುವು ಕೊಟ್ಟರೆ ‘ಲೆಟ್ ಅಪ್’. ಆದರೆ ಜಾನ್ಸನ್ ಕಾಲದಲ್ಲಿ ‘ಫ್ರೇಸಲ್ ವರ್ಬ್’ ಅಂತ ಹೆಸರಿರಲಿಲ್ಲ. ಆ ಹೆಸರನ್ನು ಆಕ್ಸ್‌ಫರ್ಡ್ ಡಿಕ್ಷನರಿಯ ಸಂಪಾದಕ ಹೆನ್ರಿ ಬ್ರಾಡ್ಲಿ ಸೂಚಿಸಿದರು, ಲೇಖಕ ಲೋಗನ್ ಪಿಯರ್ಸಲ್ ಸ್ಮಿತ್ 1925ರ ತಮ್ಮ ಪುಸ್ತಕದಲ್ಲಿ ಬಳಸಿದರು.

ಕೊಡಗಿನಲ್ಲಿ ಈ ಪದಗಳು ಪುಸ್ತಕಕ್ಕಿಂತ ಮೊದಲು ಪಟ್ಟಾಳದಿಂದ, ಅಂದರೆ ಸೈನ್ಯದಿಂದ, ಮನೆಗೆ ಬಂದಿವೆ. ಕೆಳಗಿನ ಮನೆಯ ರಿಟೈರ್ಡ್ ಸುಬೇದಾರ್ ಮಾವ ಇವತ್ತಿಗೂ ಮೊಮ್ಮಕ್ಕಳನ್ನು ಊಟಕ್ಕೆ ಕರೆಯುವುದು ‘ಫಾಲ್ ಇನ್’ ಅಂತ. ಸಾಲಾಗಿ ನಿಲ್ಲಿ ಅಂತ ಅರ್ಥ, ಯಾರೂ ಬೀಳಬೇಕಿಲ್ಲ. ‘ಫಾಲ್ ಔಟ್’ ಅಂದರೆ ಸಾಲು ಬಿಟ್ಟು ಹೋಗಿ. ಆದರೆ ಪರೇಡ್ ಮೈದಾನದ ಆಚೆ ‘ದೇ ಫೆಲ್ ಔಟ್’ ಅಂದರೆ ಅವರಿಬ್ಬರು ಮಾತುಬಿಟ್ಟರು.

ಮಾವನ ಹತ್ತಿರ ಇನ್ನೊಂದು ವಿಷಯವೂ ಇತ್ಯರ್ಥವಾಯಿತು. ನಾವು ‘ಕಾಲೇಜಿನಿಂದ ಪಾಸ್ ಔಟ್ ಆದೆ’ ಅನ್ನುತ್ತೇವೆ. ಇಂಗ್ಲೆಂಡ್, ಅಮೆರಿಕದವರಿಗೆ ಹಾಗಂದರೆ, ಪ್ರಜ್ಞೆ ತಪ್ಪಿ ಬಿದ್ದೆಯಾ ಅಂತ ಗಾಬರಿಯಾಗುತ್ತಾರೆ. ಅದು ನಮ್ಮ ತಪ್ಪು ಇಂಗ್ಲಿಷ್ ಅಂತ ನಗುವವರೂ ಇದ್ದಾರೆ. ಆದರೆ ಮಿಲಿಟರಿ ತರಬೇತಿ ಮುಗಿಸಿ ಹೊರಬರುವುದಕ್ಕೆ ಬ್ರಿಟಿಷರೂ ‘ಪಾಸ್ ಔಟ್’ ಅಂತಲೇ ಹೇಳುತ್ತಾರೆ. ‘ಪಾಸಿಂಗ್ ಔಟ್ ಪರೇಡ್’ ಕೇಳದ ಕೊಡಗಿನ ಮನೆ ಇದೆಯಾ? ನಾವು ಅದನ್ನು ಕಾಲೇಜಿಗೂ ಎಳೆದುಕೊಂಡೆವು, ಅಷ್ಟೇ. ಹೊರಗಿನವರ ಹತ್ತಿರ ಮಾತಾಡುವಾಗ ಮಾತ್ರ ‘ಗ್ರಾಜುಯೇಟೆಡ್’ ಅನ್ನಿ. ನಿಭಾಯಿಸುವುದಕ್ಕೆ ನಾವು ‘ಕೋಪ್ ಅಪ್ ವಿತ್’ ಅನ್ನುತ್ತೇವಲ್ಲ, ಅದಕ್ಕೆ ಮಾತ್ರ ಇಂಥ ರಕ್ಷಣೆ ಇಲ್ಲ. ಅದು ‘ಕೋಪ್ ವಿತ್’, ‘ಅಪ್’ ನಾವು ಪುಕ್ಕಟೆ ಸೇರಿಸಿದ್ದು.

ಈ ಪುಟ್ಟ ಪದ ಹಿಂದಿನಿಂದ ಮುಂದಕ್ಕೆ ಬಂದರೆ ಇನ್ನೊಂದು ಆಟ. ‘ಸೆಟ್ ಅಪ್’ ಅಂದರೆ ಜೋಡಿಸಿ ನಿಲ್ಲಿಸು, ‘ಅಪ್‌ಸೆಟ್’ ಅಂದರೆ ಬೇಜಾರು. ಕಾಫಿ ಬೆಳೆಗಾರರ ಬಾಯಲ್ಲಿ ದಿನಾ ಓಡಾಡುವ ಒಂದು ಇಂಥ ಪದ ಇದೆ: ‘ಔಟ್ ಟರ್ನ್’, ಚಿಕ್ಕದಾಗಿ ಓಟಿ. ಐವತ್ತು ಕೆಜಿ ಒಣ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನ ಮೂಟೆಯಿಂದ ಸಿಪ್ಪೆ ಹೋಗಿ ಎಷ್ಟು ಕೆಜಿ ಬೀಜ ಸಿಗುತ್ತದೆ ಎಂಬ ಲೆಕ್ಕ ಅದು. ಓಟಿ ಇಳಿದರೆ ಕೈಗೆ ಬರುವ ದುಡ್ಡೂ ಇಳಿಯಿತು. ಅದನ್ನೇ ತಿರುಗಿಸಿ ‘ಟರ್ನ್ ಔಟ್’ ಮಾಡಿದರೆ ‘ಕೊನೆಗೆ ಹೇಗಾಯಿತು’ ಅಂತ. ‘ಹೌ ಡಿಡ್ ದ ಕ್ರಾಪ್ ಟರ್ನ್ ಔಟ್?’ ಅಂತ ಯಾರಾದರೂ ಕೇಳಿದರೆ, ಓಟಿ ಎಷ್ಟು ಅಂತ ಕೇಳುತ್ತಿಲ್ಲ, ಫಸಲು ಹೇಗೆ ಬಂತು ಅಂತ ಕೇಳುತ್ತಿದ್ದಾರೆ.

ಕಲಿಯುವುದು ಹೇಗೆ ಅಂತ ಕೇಳುವವರು ಮಾರುಕಟ್ಟೆಯಲ್ಲಿ ಸಿಗುವ ‘ಸಾವಿರ ಫ್ರೇಸಲ್ ವರ್ಬ್’ ಪಟ್ಟಿ ಕೊಂಡುಕೊಳ್ಳುತ್ತಾರೆ. ಕೊಳ್ಳಲಿ, ಮೂರನೇ ಪುಟದ ಆಚೆ ಯಾರೂ ಹೋದದ್ದನ್ನು ನಾನು ನೋಡಿಲ್ಲ. ಅಕ್ಕ ಮಾಡಿದ್ದೇ ವಾಸಿ. ಅಡುಗೆಮನೆ ಕ್ಯಾಲೆಂಡರಿನ ಹಿಂದೆ, ಬಂದ ಮೆಸೇಜಿನಲ್ಲಿ ಅರ್ಥವಾಗದ ಜೋಡಿಯನ್ನು ಇಡೀ ವಾಕ್ಯದ ಸಮೇತ ಬರೆದಿಡುತ್ತಾರೆ. ಪಕ್ಕದಲ್ಲಿ ಕನ್ನಡ. ‘ಚೆಕ್ ಇನ್’ ಪಕ್ಕ ಏನೂ ಬರೆದಿಲ್ಲ, ಅದು ಕನ್ನಡವೇ ಆಗಿಹೋಗಿದೆ.

ಮೊನ್ನೆ ಆ ಕ್ಯಾಲೆಂಡರ್ ಹಿಡಿದುಕೊಂಡು ಜಗಳಕ್ಕೇ ಬಂದರು. “ಕರೆಂಟು ಹೋದ್ರೆ ‘ವೆಂಟ್ ಆಫ್’. ಸರಿ, ಒಪ್ಕೊಂಡೆ. ಅಲಾರಾಂ ಹೊಡ್ಕೊಂಡ್ರೂ ‘ವೆಂಟ್ ಆಫ್’. ಒಂದು ನಿಂತದ್ದು, ಒಂದು ಶುರುವಾದದ್ದು! ಈಗ ನೋಡಿದ್ರೆ ಹಾಲು ಕೆಟ್ರೂ ‘ವೆಂಟ್ ಆಫ್’ ಅಂತೆ. ಇವರಿಗೇನು ಬೇರೆ ಪದ ಇಲ್ವಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟರಲ್ಲಿ ಅಕ್ಕನಿಗೆ ಫೋನ್ ಬಂತು, ತೋಟದ ಕೆಲಸ ನೋಡಿಕೊಳ್ಳುವ ರೈಟರ್. ಅಕ್ಕ ಮಾತಾಡಿದರು: ಮೆಣಸಿನ ಬಳ್ಳಿಗೆ ಔಷಧಿ ಹೊಡೆದಾಯ್ತಾ, ಗೇಟಿಗೆ ಪೇಂಟ್ ಹೊಡೆಯೋದು ಯಾವಾಗ, ಆ ಹುಡುಗರು ಸುಮ್ನೆ ಹರಟೆ ಹೊಡೀತಾ ಕೂತಿಲ್ಲ ತಾನೆ, ಮಧ್ಯಾಹ್ನ ನಿದ್ದೆ ಹೊಡೆದ್ರೆ ನಂಗೆ ಫೋನ್ ಹೊಡಿ. ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ದೆಹಲಿಯ ಅತಿಥಿಯೊಬ್ಬರು ಎರಡು ವಾರದಿಂದ ಒಂದಿಷ್ಟು ಕನ್ನಡ ಕಲಿಯುತ್ತಿದ್ದರು. ‘ಹೊಡಿ’ ಅವರಿಗೆ ಗೊತ್ತಿದ್ದ ಪದ. ನನ್ನ ಹತ್ತಿರ ಬಗ್ಗಿ, ಮೆಲ್ಲಗೆ, ನಿಜವಾಗಿಯೂ ಹೆದರಿಕೊಂಡು ಕೇಳಿದರು: “ಯಾರಿಗೆ ಹೊಡೀತಾರೆ?”